ಎರಡೂ ಚೀಟಿಯಲ್ಲಿ ಬಂಡೀಪುರ

ಎರಡು ಚೀಟೀಲೂ ನಾನು ಬಂಡೀಪುರ ಅಂತಲೇ ಬರೆದೆ. ದೇವರ ಮನೆ ಮುಂದೆ ಕೂತ್ಕೊಂಡು, ನನ್ನ ಕೈಯಾರೆ.

ಒಂದರಲ್ಲಿ ಬಂಡೀಪುರ, ಇನ್ನೊಂದರಲ್ಲಿ ಕೆ. ಗುಡಿ ಅಂತ ಬರೀಬೇಕಿತ್ತು. ಹದಿನೈದು ದಿನದಿಂದ ಮನೇಲಿ ಇದೇ ಜಗಳ. ಸಫಾರಿಗೆ ಎಲ್ಲಿಗೆ ಹೋಗೋದು ಅಂತ ನಾನೂ ಅಮ್ಮನೂ ಮಾತು ಬಿಡೋ ಮಟ್ಟಕ್ಕೆ ಬಂದಿದ್ವಿ.

ಅಮ್ಮ ಚಾಮರಾಜಪೇಟೆ ಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳ್ಕೊಟ್ಟೋಳು. "ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡೂ ಸೇರೋದು ಬಿಳಿಗಿರಿರಂಗನ ಬೆಟ್ಟದಲ್ಲಿ ಅಂತ ವರ್ಷಾ ವರ್ಷಾ ಬೋರ್ಡ್ ಮೇಲೆ ಬರ್ದಿದ್ದೇ ಬಂತು. ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೇ" ಅನ್ನೋದು ಅವಳ ವಾದ. ಕೆ. ಗುಡಿ ಇರೋದು ಆ ಬೆಟ್ಟದ ಕಾಡಿನ ನಡುವೆ.

ಸರಿ, ಆಸೆ ದೊಡ್ಡದೇನಲ್ಲ. ಆದ್ರೆ ನನ್ನ ತಲೇಲಿ ಬೇರೇನೇ ಓಡ್ತಿತ್ತು.

ಹೋದ ವರ್ಷ ಗಾಂಧಿ ಬಜಾರಲ್ಲಿ ಸೇವಂತಿಗೆ ಹೂವಿಗೆ ಚೌಕಾಸಿ ಮಾಡ್ತಾ ಮಾಡ್ತಾನೇ ಅಮ್ಮ ನನ್ನ ಮಣಿಕಟ್ಟು ಹಿಡ್ಕೊಂಡು ಕುಸಿದ್ಲು. ಹಾರ್ಟ್ ಅಟ್ಯಾಕ್. ಆಸ್ಪತ್ರೆ ಹತ್ತೇ ನಿಮಿಷ ದೂರ ಇತ್ತು, ಸ್ಟೆಂಟ್ ಹಾಕಿದ್ರು, ಉಳ್ಕೊಂಡ್ಲು.

"ಇನ್ನರ್ಧ ಗಂಟೆ ಲೇಟಾಗಿದ್ರೆ..." ಅಂತ ಡಾಕ್ಟರು ಮಾತು ನಿಲ್ಲಿಸಿದ್ರಲ್ಲ, ಆ ಅರ್ಧ ಗಂಟೆ ಇವತ್ತಿಗೂ ನನ್ನ ಬಿಟ್ಟಿಲ್ಲ.

ಅವತ್ತಿಂದ ಯಾವ ಊರಿನ ಹೆಸರು ಬಂದ್ರೂ ನಾನು ಮ್ಯಾಪಲ್ಲಿ ನೋಡೋದು ಆಸ್ಪತ್ರೆ ಎಲ್ಲಿದೆ ಅಂತ. ಬೇರೆಯೋರು ಹುಲಿ ಕಾಣುತ್ತಾ, ಆನೆ ಕಾಣುತ್ತಾ ಅಂತ ರಿವ್ಯೂ ಓದ್ತಾರೆ, ನಾನು ನೆಟ್‌ವರ್ಕ್ ಸಿಗುತ್ತಾ ಅಂತ ಓದ್ತೀನಿ. ಬಂಡೀಪುರ ಅಂದ್ರೆ ಹೈವೇ ಪಕ್ಕ. ಕೆ. ಗುಡಿ ಅಂದ್ರೆ ಘಾಟ್ ರೋಡು, ಸುತ್ತ ಕಾಡು, ಫೋನ್ ಸಿಕ್ಕರೆ ಸಿಕ್ತು.

"ಡಾಕ್ಟರೇ ಹೋಗ್ಬನ್ನಿ ಅಂದಿದಾರೆ, ನಿಂದೇನೇ?" ಅಂತ ಅಮ್ಮ ರೇಗಿದ್ಲು. ಕೊನೆಗೆ ತೀರ್ಮಾನಾನೂ ಅವಳೇ ಮಾಡಿದ್ಲು. "ಚೀಟಿ ಹಾಕೋಣ. ಧೃತಿ ಎತ್ಲಿ. ದೇವರು ಹೇಳ್ದಲ್ಲಿಗೆ ಹೋಗೋಣ."

ಧೃತಿ ನನ್ನ ಮಗಳು, ಒಂಬತ್ತು ವರ್ಷ. ಚೀಟಿ ಬರೆಯೋ ಕೆಲಸ ನನಗೆ ಬಂತು... ಏನು ಮಾಡಿದೆ ಅಂತ ಆಗ್ಲೇ ಹೇಳಿದೀನಿ.

ಧೃತಿ ಒಂದು ಎತ್ತಿ ಗಟ್ಟಿಯಾಗಿ ಓದಿದ್ಲು. ಬಂಡೀಪುರ! ಅಮ್ಮನ ಮುಖ ಸಪ್ಪಗಾಯ್ತು.

ಇನ್ನೊಂದು ಚೀಟಿಗೆ ನಾನು ಕೈ ಹಾಕೋಷ್ಟರಲ್ಲಿ ಅಮ್ಮ ಎತ್ಕೊಂಡುಬಿಟ್ಲು. ಬಿಚ್ಚಲಿಲ್ಲ. ಕಣ್ಣಿಗೊತ್ಕೊಂಡು, "ದೇವರ ಮುಂದೆ ಇಟ್ಟಿದ್ದು, ಇರ್ಲಿ" ಅಂತ ತನ್ನ ಪುಟ್ಟ ಪರ್ಸಿಗೆ ಹಾಕ್ಕೊಂಡ್ಲು.

ಬಿಚ್ಚಿದ್ರೆ ನನ್ನ ಕಥೆ ಮುಗೀತು.

ಅವತ್ತಿಂದ ಟ್ರಿಪ್ಪಿಗೆ ಹೊರಡೋ ತನಕ ಹತ್ತು ದಿನ ನಾನು ನೆಟ್ಟಗೆ ಊಟ ಮಾಡಿಲ್ಲ. ಬಿಚ್ಚಿದ್ಲಾ? ಬಿಚ್ಚಿಲ್ವಾ?

ಅವಳು ಸ್ನಾನಕ್ಕೆ ಹೋದಾಗ ಪರ್ಸ್ ಹುಡುಕಿದೆ. ಹೌದು, ನಾಚಿಕೆಗೇಡು, ಒಪ್ಕೋತೀನಿ. ಬಚ್ಚಲಿಗೂ ತಗೊಂಡ್ಹೋಗಿದ್ಲು ಪುಣ್ಯಾತ್ಗಿತ್ತಿ! ಎದೆ ನೋವು ಬಂದ್ರೆ ನಾಲಿಗೆ ಕೆಳಗೆ ಇಟ್ಕೊಳೋ ಮಾತ್ರೆ ಅದರಲ್ಲೇ ಇರೋದು. ಒಂದು ನಿಮಿಷಾನೂ ಅದನ್ನ ಬಿಟ್ಟಿರಬೇಡ ಅಂತ ಹೇಳಿದ್ದೂ ನಾನೇ.

ಹೊರಟ ದಿನ ದಾರೀಲಿ ತಿಂಡಿಗೆ ನಿಲ್ಲಿಸಿದಾಗ ಅಮ್ಮ ಪರ್ಸ್ ತೆಗೆದ್ಲು. ನಾನು ಇಡ್ಲಿ ಬಿಟ್ಟು ಅವಳ ಕೈಯನ್ನೇ ನೋಡ್ತಾ ಕೂತೆ. ಅವಳು ಬಿಪಿ ಮಾತ್ರೆ ನುಂಗಿ ಪರ್ಸ್ ಮುಚ್ಚಿದ್ಲು, ಅಷ್ಟೇ.

ಮಾರನೇ ದಿನ ಬೆಳಗಿನ ಸಫಾರಿ. ಜೀಪಲ್ಲಿ ನಾವು ಮೂರು ಜನ, ಜೊತೆಗೆ ಪರಿಚಯ ಇಲ್ಲದ ಇನ್ನೊಂದು ಫ್ಯಾಮಿಲಿ.

ಒಂದು ಕೆರೆ ಹತ್ರ ಡ್ರೈವರ್ ಇಂಜಿನ್ ಆಫ್ ಮಾಡಿ ಬಾಯಿ ಮೇಲೆ ಬೆರಳಿಟ್ರು. ಪೊದೆ ಆಚೆ ಜಿಂಕೆ ಒಂದೇ ಸಮ ಕೂಗ್ತಿದೆ. ಹುಲಿ ಹತ್ತಿರದಲ್ಲೇ ಇದೆ ಅಂತ ಕೈಸನ್ನೆ.

ಎಲ್ಲರೂ ಪೊದೆ ನೋಡ್ತಿದಾರೆ. ನಾನು ಅಮ್ಮನ್ನ ನೋಡ್ತಿದೀನಿ.

ಕಣ್ಣು ಮುಚ್ಚಿದಾಳೆ. ಬಲಗೈ ಎದೆ ಮೇಲಿದೆ. ಎಡಗೈಯಲ್ಲಿ ನನ್ನ ಮಣಿಕಟ್ಟು ಬಿಗಿಯಾಗಿ ಹಿಡ್ಕೊಂಡಿದಾಳೆ... ಅವತ್ತು ಗಾಂಧಿ ಬಜಾರಲ್ಲಿ ಹಿಡ್ಕೊಂಡಿದ್ಲಲ್ಲ, ಹಾಗೇ.

"ಅಮ್ಮಾ, ನೋವಾ?" ಅಂತ ಪಿಸುಗುಟ್ಟಿದೆ. ಅವಳು ಕಣ್ಣು ಬಿಡಲಿಲ್ಲ.

"ಗಾಡಿ ತಿರುಗ್ಸಿ! ಆಸ್ಪತ್ರೆಗೆ ನಡೀರಿ!" ಅಂತ ಕಿರುಚಿಬಿಟ್ಟೆ. ಪೊದೆಯಲ್ಲಿ ಏನೋ ಸರಸರ ಓಡಿ ಹೋಯ್ತು. ಜಿಂಕೆ ಕೂಗೂ ನಿಂತ್ಹೋಯ್ತು.

ಅಮ್ಮನ ಪರ್ಸ್ ಕಿತ್ಕೊಂಡು ಮಾತ್ರೆಗೆ ತಡಕಾಡಿದೆ. ಮಾತ್ರೆ ಜೊತೆ ಚೀಟೀನೂ ಈಚೆ ಬಿತ್ತು. ಮಡಿಕೆ ಬಿಚ್ಚಿತ್ತು. ನನ್ನ ಅಕ್ಷರ. ಬಂಡೀಪುರ.

ಅಮ್ಮ ಕಣ್ಣು ಬಿಟ್ಲು. "ಏನೂ ಆಗಿಲ್ಲ ಕಣೇ. ಕಣ್ಣು ಮುಚ್ಕೊಂಡ್ರೆ ಕಾಡು ಚೆನ್ನಾಗಿ ಕೇಳ್ಸುತ್ತೆ ಅಂತ ಕೂತಿದ್ದೆ. ಹುಲಿ ಅಂದ್ರಲ್ಲ, ಅದಕ್ಕೇ ನಿನ್ನ ಕೈ ಹಿಡ್ಕೊಂಡೆ" ಅಂದ್ಲು.

ಆ ಫ್ಯಾಮಿಲಿ ನನ್ನ ಗುರಾಯಿಸಿದ ರೀತಿಗೆ ಹುಲೀನೇ ವಾಸಿ ಅನ್ನಿಸ್ತು. ಧೃತಿ ಚೀಟಿ ಎತ್ಕೊಂಡು ಓದಿದ್ಲು, ನನ್ನ ಮುಖ ನೋಡಿದ್ಲು, ಏನೂ ಕೇಳಲಿಲ್ಲ. ಕೇಳಿದ್ರೇ ಚೆನ್ನಾಗಿತ್ತು.

ಸಫಾರಿಯಿಂದ ವಾಪಸ್ ಬಂದು ಲಾಡ್ಜ್ ಕ್ಯಾಂಟೀನಲ್ಲಿ ಕಾಫಿ ಕುಡೀತಾ ಅಮ್ಮನೇ ಮಾತು ತೆಗೆದ್ಲು. "ಅವತ್ತು ಮಧ್ಯಾಹ್ನವೇ ಬಿಚ್ಚಿ ನೋಡ್ದೆ. ಮೈಯೆಲ್ಲ ಉರೀತು. ಆಮೇಲೆ ಅನ್ನಿಸ್ತು, ದೇವರ ಮುಂದೆ ಸುಳ್ಳು ಬರೆಯೋಷ್ಟು ಹೆದರಿದಾಳಲ್ಲ ನನ್ ಮಗಳು ಅಂತ. ಅದಕ್ಕೇ ಬಾಯ್ಮುಚ್ಕೊಂಡು ಬಂದೆ."

ನನಗೆ ಅಳು ತಡೆಯಕ್ಕಾಗ್ಲಿಲ್ಲ. ಅಲ್ಲೇ, ಲೋಟ ಹಿಡ್ಕೊಂಡು, ಎಲ್ಲರ ಮುಂದೆ ಅತ್ಬಿಟ್ಟೆ.

"ನಿನ್ನ ಭಯಕ್ಕೆ ಅಂತ ಒಂದ್ಸಲ ಬಂದಿದೀನಿ. ಇರೋವಷ್ಟು ದಿನಾನೂ ಆಸ್ಪತ್ರೆ ಬಾಗಿಲಲ್ಲೇ ಕೂತಿರು ಅಂದ್ರೆ ಆಗುತ್ತೇನೇ?" ಅಂದ್ಲು. ಬೈತಿದಾಳೋ ಸಮಾಧಾನ ಮಾಡ್ತಿದಾಳೋ ಗೊತ್ತಾಗಲಿಲ್ಲ. "ಮುಂದಿನ್ಸಲ ಚೀಟಿ ನಾನ್ ಬರೀತೀನಿ. ನೀನು ಎತ್ತು."

ಮುಂದಿನ ಟ್ರಿಪ್ಪಿಗೆ ಅಂತ ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಅಮ್ಮ ನನ್ನ ಕರೆದಿದಾಳೆ. ದೇವರ ಮುಂದೆ ಎರಡು ಚೀಟಿ ಇದೆ.

ಎರಡರಲ್ಲೂ ಏನು ಬರ್ದಿದಾಳೆ ಅಂತ ನನಗೆ ಗೊತ್ತು. ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತು. ನಾನಿಲ್ಲಿ ಅಡಿಗೆಮನೇಲಿ ನಿಂತ್ಕೊಂಡು ಇದನ್ನ ಟೈಪ್ ಮಾಡ್ತಿದೀನಿ, ಅವಳು ಅಲ್ಲಿಂದ ಎರಡನೇ ಸಲ ಕರೀತಿದಾಳೆ...

ನೀವಾಗಿದ್ರೆ, ಹೋಗಿ ಎತ್ತುತ್ತಿದ್ರಾ?