ಏಳರ ವಿಮಾನ, ಮೇಷ್ಟ್ರ ದಾರ

ನಿನ್ನೆ ಗುಜರಿ ಆಟೋ ನಮ್ಮ ಬಾಗಿಲಲ್ಲಿ ನಿಂತಿತ್ತು. ಹಳೆ ಪೇಪರುಗಳ ಮೇಲೆ, ಬಟ್ಟೆಗೆ ಅಂಟಿಸಿದ ಶಾಲೆಯ ಭೂಪಟವೊಂದು ಸುರುಳಿಯಾಗಿ ಬಿದ್ದಿತ್ತು. ಮುಗ್ಗಲು ಬಟ್ಟೆ, ಹಳೆ ಅಂಟು... ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯ ಮೇಷ್ಟ್ರು ಎದುರು ಬಂದು ನಿಂತಂತಾಯಿತು.

ನಿವೃತ್ತರಾದ ಮೇಲೂ ಅವರ ಜಗಲಿಯ ಗೋಡೆಯಲ್ಲಿ ಅಂಥದೇ ಭೂಪಟ ತೂಗುತ್ತಿತ್ತು. ನಮ್ಮವರಲ್ಲಿ ಯಾರೇ ವಿಮಾನ ಹತ್ತಲಿ, ಮೊದಲು ಅವರನ್ನು ಕೇಳುತ್ತಿದ್ದರು. ಅವರು ಎರಡು ಊರುಗಳ ನಡುವೆ ಹೊಲಿಗೆ ದಾರ ಬಿಗಿಯಾಗಿ ಎಳೆದು, ಸ್ಕೇಲಿಗೆ ಹಿಡಿದು, ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದು ಹೇಳಿಬಿಡುತ್ತಿದ್ದರು. ತಾವು ಒಮ್ಮೆಯೂ ವಿಮಾನ ಹತ್ತಿದವರಲ್ಲ. ನನಗೆ ಅಕ್ಷರ ಕಲಿಸಿದವರು. ನಮ್ಮ ಮನೆಯ ಶುಕ್ರವಾರದ ಪ್ರಸಾದ ಮೊದಲು ಹೋಗುತ್ತಿದ್ದದ್ದು ಅವರಿಗೇ.

ಅಪ್ಪ ತೀರಿಕೊಂಡಾಗ ತಂಗಿ ಅಹಮದಾಬಾದಿನಲ್ಲಿ ನರ್ಸಾಗಿದ್ದಳು. ಮರುದಿನ ಬೆಳಿಗ್ಗೆ ಏಳರ ವಿಮಾನ ಹತ್ತುವ ಮುಂಚೆ ಫೋನ್ ಮಾಡಿದಳು. “ಮುಂಬೈಯಲ್ಲಿ ಇಳಿದು ಇನ್ನೊಂದು ಹಿಡೀಬೇಕು ಕಣಕ್ಕ. ಕಣ್ಣೂರಲ್ಲಿ ಇಳಿದು, ಮಾಕುಟ್ಟ ಘಾಟಿ ದಾಟಿ ಮನೆ ಸೇರೋಕೆ ಸಂಜೆ ನಾಲ್ಕಾಗುತ್ತೆ. ನಾನು ಬರೋಗಂಟ ಅಪ್ಪನ್ನ ಎತ್ತಬೇಡಿ.”

ದೊಡ್ಡಪ್ಪ ಮಾತ್ರ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ತಮ್ಮ ಮನೆಗೆ ಹೋಗಿ ಅಳೆದು ಬಂದರು. “ಎರಡು ಗಂಟೆ ವಿಮಾನ, ಕಣ್ಣೂರಿಂದ ಮೂರೂವರೆ ಗಂಟೆ ಕಾರು. ಹನ್ನೆರಡೂವರೆಗೆ ಇಲ್ಲಿರ್ತಾಳೆ.”

“ಅವಳು ಬರೋದು ನಾಲ್ಕಕ್ಕೆ ಅಂದ್ಲು ದೊಡ್ಡಪ್ಪ,” ಎಂದೆ.

“ಮೇಷ್ಟ್ರಿಗಿಂತ ನಿನ್ ತಂಗಿಗೆ ಜಾಸ್ತಿ ಗೊತ್ತಾ? ಸುಮ್ನಿರವ್ವ. ಮಳೆ ಬರೋದ್ರೊಳಗೆ ಮುಗೀಬೇಕು.”

ಸುಮ್ಮನಾದೆ. ಮೇಷ್ಟ್ರು ನನ್ನ ಮುಖ ನೋಡಿದರು, ದಾರವನ್ನು ಬೆರಳಿಗೆ ಸುತ್ತಿಕೊಂಡರು, ಅಷ್ಟೇ...

ಒಂದೂವರೆಯವರೆಗೆ ಕಾದರು. ತಂಗಿಯ ಫೋನ್ ಸಿಗಲಿಲ್ಲ. “ಫ್ಲೈಟ್ ಮಿಸ್ ಮಾಡ್ಕೊಂಡಿರ್ತಾಳೆ ಬಿಡಿ,” ಎಂದರು ಯಾರೋ. ಎತ್ತಿದರು. ತಂಗಿ ಬಂದಾಗ ನಾಲ್ಕೂ ಹತ್ತು. ಅಪ್ಪನ ಬಾಯಿಗೆ ನೀರು ಬಿಡಬೇಕಾದ ಮಗಳು ತೊಳೆದ ಅಂಗಳದಲ್ಲಿ ಬ್ಯಾಗು ಹಿಡಿದೇ ನಿಂತಳು. “ನಾಲ್ಕು ಅಂದಿದ್ನಲ್ಲಕ್ಕ,” ಎಂದಳು. ಅವತ್ತು ಒಂದು ಹನಿ ಮಳೆಯೂ ಬೀಳಲಿಲ್ಲ.

ಮರುದಿನ ಮೇಷ್ಟ್ರು ಬೇಲಿಯ ಹತ್ತಿರ ಬಂದು, “ನನ್ನ ಅಳತೆ ಸರಿಯಾಗೇ ಇತ್ತಮ್ಮ. ವಿಮಾನ ಸುತ್ತಿ ಬಂತು,” ಎಂದರು. ನಾನು ಬೆನ್ನು ತಿರುಗಿಸಿದೆ. ಸೂತಕ ಕಳೆದು ಪೂಜೆ ಶುರುವಾದ ಮೇಲೂ ಅವರಿಗೆ ಪ್ರಸಾದ ಕಳಿಸಲಿಲ್ಲ. ಶುಕ್ರವಾರ ಅವರು ಜಗಲಿಯಲ್ಲಿ ಕೂತೇ ಇರುತ್ತಿದ್ದರು... ನೋಡಿಯೂ ನೋಡದವಳಂತೆ ಒಳಗೆ ಬರುತ್ತಿದ್ದೆ. ಎರಡು ವರ್ಷ ಹೀಗೆ. ಆಮೇಲೆ ಅವರೂ ಹೋದರು.

ಫೋನಿನಲ್ಲಿ ತಂಗಿಯ ಮಾತು ಕೇಳಿಸಿಕೊಂಡವಳು ನಾನು. ಎರಡನೇ ಸಲ ಬಾಯಿ ಬಿಡದವಳೂ ನಾನೇ. ಮುನಿಸನ್ನು ಮಾತ್ರ ಪೂರ್ತಿ ಮೇಷ್ಟ್ರ ಮೇಲೆ ಹಾಕಿದೆ.

ಮೂರನೇ ದಿನ ಬೂದಿಗೆ ಹಾಲು ಬಿಡುವುದಕ್ಕಾದರೂ ತಂಗಿ ಇದ್ದಳು. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾಳೆ. ದೇವರು ಇಷ್ಟಾದರೂ ಉಳಿಸಿದನಲ್ಲ ಎಂದು ಕೈ ಮುಗಿಯುತ್ತೇನೆ. ಮೊನ್ನೆ, ಅಪ್ಪನ ತಿಥಿಗೆ ಎಷ್ಟು ಹೊತ್ತಿಗೆ ಬರ್ತೀ ಎಂದು ಕೇಳಿದೆ.

“ನೀವು ಎಡೆ ಇಟ್ಟು ಮುಗಿಸಿಬಿಡಿ ಅಕ್ಕ,” ಎಂದಳು. “ಕಾಯಬೇಡಿ.”