ಗಡಿಯಾರದ ಹಿಂದಿದ್ದ ಕಿಟಕಿಗಳು

ಗೆಳೆಯರೇ, ಕಂಪ್ಯೂಟರಿಗಾಗಿ ನಾನು ಬರೆದ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಇವತ್ತು ಒಂದು ಇಡೀ ಅಧ್ಯಾಯವನ್ನು ಉಳಿಸಿತು!

ಎಂಬತ್ತೊಂಬತ್ತನೇ ಇಸವಿ ಬಂದರೂ ನಮ್ಮ ಬಾಗಲಕೋಟೆಯ ಕಾಲೇಜಿನಲ್ಲಿ ಪರದೆಯ ಮೇಲೆ ಕಿಟಕಿಗಳು ತೆರೆಯುವ ಕಂಪ್ಯೂಟರ್ ಒಂದೇ ಒಂದು. ಮಧ್ಯಾಹ್ನ ಅದರ ಮೌಸ್ ಕೆಟ್ಟು ನಿಂತಿತು. ಪರದೆ ತುಂಬ ಒಂದು ದೊಡ್ಡ ಗಡಿಯಾರ, ಅದನ್ನು ಸರಿಸುವಂತಿಲ್ಲ. ಪ್ರಯೋಗಾಲಯ ನೋಡಿಕೊಳ್ಳುವ ಪಾಟೀಲ ಸರ್ ನೇರವಾಗಿ ಸ್ವಿಚ್ಚಿಗೇ ಕೈ ಹಾಕಿದರು.

“ತಡೀರಿ ಸರ್! ಅದರ ಹಿಂದ ಯಾರದರೆ ಕೆಲಸ ಇದ್ರ ಹೋಗಿಬಿಡ್ತೈತ್ರಿ.”

“ಯಾರದೂ ಇಲ್ಲವ್ವ. ಬರೇ ಗಡಿಯಾರ ಐತಿ, ಕಾಣಂಗಿಲ್ಲೇನು?”

“ಒಂದ ನಿಮಿಷ ಕೊಡ್ರಿ!”

ಬರೇ ಅಕ್ಷರ ಕಾಣುವ ಪಕ್ಕದ ಟರ್ಮಿನಲ್‌ನಿಂದ ತಂತಿಯ ಮೂಲಕ ಆ ಕಂಪ್ಯೂಟರಿನೊಳಗೆ ಹೊಕ್ಕು, ತೆರೆದಿರುವ ಕಿಟಕಿಗಳ ಹೆಸರನ್ನೆಲ್ಲ ಪಟ್ಟಿ ಮಾಡುವ ನನ್ನ ಸ್ಕ್ರಿಪ್ಟ್ ಓಡಿಸಿದೆ. ಮೂರು ಹೆಸರು ಬಂದವು. ಅದರಲ್ಲೊಂದು ‘ಐಹೊಳೆ, ನಾಲ್ಕನೇ ಅಧ್ಯಾಯ’. ಇತಿಹಾಸದ ಶಾಂತಾ ಮೇಡಂ ಬೆಳಗಿನಿಂದ ಕೂತು ಟೈಪ್ ಮಾಡಿದ ಪ್ರಬಂಧ! ಓಡಿಹೋಗಿ ಅವರನ್ನು ಕರೆದೆ. ಊಟಕ್ಕೆ ಕೂತಿದ್ದವರು ಎಂಜಲು ಕೈಯಲ್ಲೇ ಓಡಿ ಬಂದರು.

“ಅಯ್ಯೋ, ನಾ ಇನ್ನೂ ಸೇವ್ ಮಾಡೇ ಇಲ್ಲ!”

ಹೆಸರು ಗೊತ್ತಾದ ಮೇಲೆ ಆ ಕಿಟಕಿಯನ್ನು ಮುಂದಕ್ಕೆ ತರಲು ಒಂದೇ ಆಜ್ಞೆ ಸಾಕಾಯಿತು. ಮೇಡಂ ಎಡಗೈಯಿಂದ ಕೀಲಿ ಒತ್ತಿ ಉಳಿಸಿಕೊಂಡರು. ನಾನು ನಿಂತಲ್ಲೇ ಕುಣಿದುಬಿಟ್ಟೆ.

ಆಮೇಲೆ ಅವರು ನನ್ನ ಪಟ್ಟಿಯನ್ನು ನಿಧಾನವಾಗಿ ಓದಿದರು. “ಒಂದು ಗಡಿಯಾರ, ಒಂದು ನಂದು. ಈ ‘ಇಸ್ಪೀಟ್’ ಯಾರದ್ರಿ ಸರ್?”

ಪಾಟೀಲ ಸರ್ ಗೋಡೆಯ ನಿಜವಾದ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು.