ಕಂಪ್ಯೂಟರಿಗೆ ಒಪ್ಪಿಗೆಯಾಗದ ಗಂಡಸು

ಯಗಟಿಯಲ್ಲಿ ಕುರಿ ಸಾಕುವ ತಿಮ್ಮಪ್ಪನವರಿಗೆ ಸ್ತನ ಕ್ಯಾನ್ಸರ್. ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದ್ದು ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರೆ ಕೊಡಬಹುದು. ಗಡ್ಡೆಯ ಚೂರು ಹಿಡಿದು ಕಡೂರಿನ ನಮ್ಮ ಲ್ಯಾಬಿಗೆ ಬಂದರು. ನಾನು ‘ಪುರುಷ’ ಅಂತ ಒತ್ತಿದ ಕೂಡಲೇ ಕಂಪ್ಯೂಟರಿನಲ್ಲಿ ಆ ಪರೀಕ್ಷೆಯೇ ಮಾಯವಾಯಿತು.

ನಾವು ಕಳಿಸಿದ್ದನ್ನು ಪರೀಕ್ಷೆ ಮಾಡುವ, ಕಂಪ್ಯೂಟರಿನ ಈ ಪಟ್ಟಿಯನ್ನೂ ಮಾಡಿಕೊಟ್ಟ ದೊಡ್ಡ ಲ್ಯಾಬಿಗೆ ಫೋನ್ ಮಾಡಿದೆ. “ಹೆಂಗಸು ಅಂತ ಹಾಕ್ಬಿಡಿ ಮೇಡಂ,” ಅಂದ ಅಲ್ಲಿನ ಮ್ಯಾನೇಜರ್.

“ರಿಪೋರ್ಟು ಬೇರೆಯವರದ್ದು ಅಂತ ಡಾಕ್ಟರು ಬಿಸಾಕಿದ್ರೆ ಏನ್ರೀ ಮಾಡೋದು?” ಅಂತ ರೇಗಿದೆ.

“ಏನಾರ ಬರ್ಕಳವ್ವ, ಪರೀಕ್ಷೆ ಆದ್ರೆ ಸಾಕು,” ಅಂದರು ತಿಮ್ಮಪ್ಪನವರು. ನನಗೆ ಇನ್ನೂ ಉರಿಯಿತು. ಗಂಡಸು ಅಂತಲೇ ಕೈಯಲ್ಲಿ ಕಾಗದ ಬರೆದು, ಚೂರನ್ನು ದೊಡ್ಡ ಲ್ಯಾಬಿನ ಡಾಕ್ಟರಿಗೇ ನೇರವಾಗಿ ಕಳಿಸಿದೆ. ಹಾರ್ಮೋನಿನ ಗಡ್ಡೆಯೇ ಅಂತ ರಿಪೋರ್ಟು ಬಂತು, ಮಾತ್ರೆ ಶುರುವಾಯಿತು.

ಕಂಪ್ಯೂಟರ್ ಹಾಗೇ ಇದೆ. ಇನ್ನೊಬ್ಬ ಗಂಡಸು ಬಂದಾಗ ನೋಡೋಣ ಅಂದಿದ್ದಾರೆ ಮ್ಯಾನೇಜರ್ ಸಾಹೇಬರು.